ಗ್ರೀಕ್ ಪುಟದ ಗೆರೆಗಳು

ಒಮಾನಿನ ಇಬ್ರಾದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಹಸೀಬಾಳಿಗೆ ನಾನೂರು ವರ್ಷಗಳ ಹಿಂದಿನ ಒಬ್ಬ ಕವಿಯ ಹುಚ್ಚು. ಹೆಸರು ಆಂಬ್ರೋಸ್ ಥಾರ್ನ್. ಲಂಡನ್ನಿನ ಟೋಪಿ ಮಾಡುವವನ ಮಗ. ಗ್ರೀಕಿನ ಒಂದು ಮಹಾಕಾವ್ಯವನ್ನು ಇಂಗ್ಲಿಷಿಗೆ ತಂದವನು. ಇವನಿಗೆ ಗ್ರೀಕೇ ಬಾರದು, ಲ್ಯಾಟಿನ್ ಅನುವಾದ ನೋಡಿ ಬರೆದು ಜಂಬ ಕೊಚ್ಚುತ್ತಾನೆ ಎಂದು ಅವನ ಕಾಲದವರೇ ಹಂಗಿಸಿದ್ದರು. ನಿಜ ಹೇಳಬಹುದಾಗಿದ್ದ, ಅವನು ಗೆರೆ ಎಳೆದು ಓದಿದ ಪುಸ್ತಕಗಳು ಅವನು ಸತ್ತ ಮೇಲೆ ದಿಕ್ಕಾಪಾಲಾದವು. ಸಿಕ್ಕ ಕೆಲವನ್ನು ಗುರುತಿಸಿದ್ದು ಮೊದಲ ಪುಟದಲ್ಲಿ ಅವನು ಬಿಡಿಸುತ್ತಿದ್ದ ಪುಟ್ಟ ಏಡಿಯಿಂದ.

ಆ ಮೂದಲಿಕೆಯ ಮಾತು ಹಸೀಬಾಳಿಗೂ ಚುಚ್ಚುತ್ತಿತ್ತು. ಒಮಾನಿ ಲೇಖಕಿಯೊಬ್ಬರ ಕಥೆಗಳನ್ನು ಅರಬ್ಬಿಯಿಂದ ಕನ್ನಡಕ್ಕೆ ತರುತ್ತೇನೆಂದು ಮಂಗಳೂರಿನ ಪ್ರಕಾಶಕರಿಗೆ ಮಾತು ಕೊಟ್ಟಿದ್ದಳು. ಮದರಸದಲ್ಲಿ ಕಲಿತ ಲಿಪಿಯನ್ನು ನೀರು ಕುಡಿದಂತೆ ಓದುತ್ತಿದ್ದಳು. ಅರ್ಥ ಮಾತ್ರ ಅಂಗಡಿಯ ಮಾತುಕತೆಗೆ ಸಾಕಾಗುವಷ್ಟು. ಹಾಗಾಗಿ ಮೇಜಿನ ಮೇಲೆ ಇಂಗ್ಲಿಷ್ ಅನುವಾದ ಸದಾ ತೆರೆದಿರುತ್ತಿತ್ತು. ಇದು ತನ್ನ ಕೈಲಾಗದೆಂದು ಹೇಳಿಬಿಡಬೇಕು ಎಂದುಕೊಂಡಿದ್ದಾಗಲೇ ಮಸ್ಕತ್ತಿನಿಂದ ಗೆಳತಿ ನಿಕೋಲ್ ಫೋಟೋ ಒಂದನ್ನು ಕಳಿಸಿದಳು. ಹಳೆಯ ಪುಸ್ತಕದ ಪುಟ, ಮೂಲೆಯಲ್ಲಿ ಏಡಿ. ಹಿಂದೆಯೇ ಫೋನೂ ಬಂತು.

"ಇದು ನಿನ್ನ ಆ ಟೋಪಿಯವನ ಮಗಂದಾ? ಪಪ್ಪನ ಕಪಾಟಿನಲ್ಲಿ ಉಂಟು ಮಾರಾಯ್ತಿ!"

ಶುಕ್ರವಾರ ಹಸೀಬಾ ಮಸ್ಕತ್ತಿನ ಅಲ್ ಅಜೈಬಾದ ಅವರ ಮನೆಯಲ್ಲಿದ್ದಳು. ನಿಕೋಲ್‌ಳ ಅಪ್ಪ ಡ್ಯಾನಿಯಲ್ ಇಂಗ್ಲಿಷ್ ಭೂವಿಜ್ಞಾನಿಯೊಬ್ಬರ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಆ ಸಾಹೇಬರು ಊರಿಗೆ ಹೊರಟಾಗ ಪುಸ್ತಕಗಳ ಸಮೇತ ಕಪಾಟನ್ನು ಇವರಿಗೆ ಬಿಟ್ಟುಹೋಗಿದ್ದರು.

ಹಸೀಬಾ ಪುಸ್ತಕ ತೆರೆದಳು. ಎಡಗಡೆ ಗ್ರೀಕ್, ಬಲಗಡೆ ಲ್ಯಾಟಿನ್. ಅದೇ ಕಾವ್ಯ! ಆದರೆ ಮೊದಲ ಪುಟಗಳನ್ನು ನೋಡಿ ಮುಖ ಬಾಡಿತು. ಗೆರೆ, ಮಸಿಯ ಕಲೆ, ಮೇಣದ ಹನಿ ಎಲ್ಲ ಲ್ಯಾಟಿನ್ ಕಡೆಗೇ. ಗ್ರೀಕ್ ಪುಟ ತೊಳೆದಿಟ್ಟಷ್ಟು ಸ್ವಚ್ಛ.

"ಹಾಗಾದ್ರೆ ಹಂಗಿಸಿದವರು ಹೇಳಿದ್ದೇ ಸತ್ಯ," ಎಂದಳು ಸಣ್ಣ ದನಿಯಲ್ಲಿ.

"ಅಷ್ಟಕ್ಕೇ ಬಿಡುವುದಾ? ಮುಂದೆ ನೋಡು," ಎಂದಳು ನಿಕೋಲ್.

ಮುಂದೆ ಹೋದಂತೆ ಗ್ರೀಕ್ ಪದಗಳ ಕೆಳಗೆ ಅಲ್ಲೊಂದು ಇಲ್ಲೊಂದು ಗೆರೆ ಹುಟ್ಟಿತು. ನಡುವಿಗೆ ಬರುವಷ್ಟರಲ್ಲಿ ಎರಡೂ ಕಡೆ ಸಮಸಮ. ಆಮೇಲೆ ಲ್ಯಾಟಿನ್ ಪುಟವೇ ಖಾಲಿಯಾಗುತ್ತ ಬಂತು.

"ಬೇರೆ ಯಾರಾದ್ರೂ ಗೀಚಿರಬಹುದಲ್ಲ?" ಡ್ಯಾನಿಯಲ್ ಕೇಳಿದರು.

"ಗೆರೆಯ ಕೊನೆಯ ಈ ಕೊಕ್ಕೆ ನೋಡಿ ಅಂಕಲ್. ಅವನ ಬೇರೆ ಪುಸ್ತಕಗಳ ಫೋಟೋದಲ್ಲೂ ಹೀಗೇ ಉಂಟು."

ಕೊನೆಯ ಭಾಗದಲ್ಲಿ ಒಂದು ಲ್ಯಾಟಿನ್ ಪದವನ್ನು ಹೊಡೆದುಹಾಕಿ ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಉಪ್ಪು' ಎಂದು ಬರೆದಿತ್ತು. ಡ್ಯಾನಿಯಲ್ ಕನ್ನಡಕ ಏರಿಸಿ ಬಗ್ಗಿದರು. "ಸಣ್ಣವನಿರುವಾಗ ಇಗರ್ಜಿಯಲ್ಲಿ ಲ್ಯಾಟಿನ್ ಹಾಡ್ತಿದ್ದೆವು. ಹೊಡೆದುಹಾಕಿದ್ದು ಸಮುದ್ರ ಅಂತ."

ಹಸೀಬಾ ಫೋನಿನಲ್ಲಿ ಗ್ರೀಕ್ ನಿಘಂಟು ತೆರೆದಳು. ಎಡಪುಟದ ಆ ಪದಕ್ಕೆ ಎರಡೂ ಅರ್ಥವಿತ್ತು: ಸಮುದ್ರ, ಉಪ್ಪು. ಥಾರ್ನನ ಇಂಗ್ಲಿಷ್ ಕಾವ್ಯದಲ್ಲಿ ದಡ ಸೇರಿದ ನಾವಿಕ 'ಉಪ್ಪನ್ನು ಮೈಯಿಂದ ಕೊಡವಿ' ಏಳುತ್ತಾನೆ. ಆ ಸಾಲು ಅವಳಿಗೆ ಬಾಯಿಪಾಠ.

"ಲ್ಯಾಟಿನ್ನಿನ ಊರುಗೋಲು ಹಿಡಿದೇ ಹೊರಟ ಮಾರಾಯ್ತಿ," ಎಂದು ಹಸೀಬಾ ನಕ್ಕಳು. "ಕೊನೆಗೆ ಆ ಊರುಗೋಲನ್ನೇ ತಿದ್ದಿದ."

ಪುಸ್ತಕ ಇನ್ನು ತಮ್ಮಲ್ಲಿರುವುದು ಸರಿಯಲ್ಲ, ಅವನ ಉಳಿದ ಪುಸ್ತಕಗಳ ಜೊತೆಗೇ ಸೇರಲಿ ಎಂದರು ಡ್ಯಾನಿಯಲ್. ಅವನ್ನು ಕೂಡಿಡುತ್ತಿದ್ದ ಇಂಗ್ಲೆಂಡಿನ ಗ್ರಂಥಾಲಯಕ್ಕೆ ಹಸೀಬಾ ಅಲ್ಲಿಂದಲೇ ಬರೆದಳು.

ಇಬ್ರಾಕ್ಕೆ ಮರಳಿ ಪ್ರಕಾಶಕರಿಗೆ ಫೋನ್ ಮಾಡಿದಳು. ಇಂಗ್ಲಿಷಿನ ನೆರವು ಪಡೆದದ್ದನ್ನು ಪುಸ್ತಕದಲ್ಲೇ ಹೇಳುತ್ತೇನೆ, ಇನ್ನಷ್ಟು ಸಮಯ ಬೇಕು ಎಂದಳು. ಸಂಜೆ ಅರಬ್ಬಿ ಕಥೆಗಳನ್ನು ಮಾತ್ರ ಎತ್ತಿಕೊಂಡು ಕೆಳಗಿನ ಮನೆಯ ಒಡತಿಯ ಬಾಗಿಲು ತಟ್ಟಿದಳು. ಆ ಒಮಾನಿ ಮುದುಕಿ ಕಹ್ವಾ ಕಾಫಿ ಬಗ್ಗಿಸಿಕೊಟ್ಟು, ಕಣ್ಣು ಮುಚ್ಚಿ ಕೂತು ಹಸೀಬಾ ಓದಿದ ಒಂದು ಕಥೆಯನ್ನು ಪೂರ್ತಿ ಕೇಳಿದಳು.

"ಚೆನ್ನಾಗಿ ಓದಿದೆ ಮಗಳೇ," ಎಂದಳು ನಿಧಾನದ ಅರಬ್ಬಿಯಲ್ಲಿ. "ಈಗ ಹೇಳು, ಬಾವಿ ಬತ್ತಿದೆ ಅಂದಾಗ ಆ ಹೆಂಗಸು ನಕ್ಕಳಲ್ಲ, ಯಾಕೆ?"

ಹಸೀಬಾಳಿಗೆ ಗೊತ್ತಿರಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಯಾಕೆ ಎಂದು ಕೇಳಿದಳು.