ಕದಿರಮ್ಮನ ನೂಲು

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಕದಿರಮ್ಮ ಯೇಸುವಿಗೆ ಕೈ ಮುಗಿಯುತ್ತಾಳೆಂದು ಯಾರಿಗೆ ಗೊತ್ತಿರಲಿಲ್ಲ? ಗಂಡ ಸತ್ತ ವರ್ಷ ಕಾಯಿಲೆ ಬಿದ್ದು, ಮಿಷನ್ ಆಸ್ಪತ್ರೆಯಲ್ಲಿ ಬದುಕಿ ಬಂದವಳು. ಮಗ್ಗಕ್ಕೆ ಕೂರುವ ಮುಂಚೆ ಗೋಡೆ ಕಡೆ ತಿರುಗಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಚೌಡಮ್ಮನ ಗುಡಿಗೂ ಎಲ್ಲರಂತೆ ಬರುತ್ತಿದ್ದಳು.

ನನ್ನ ಹೆಂಡತಿ ನರಸಮ್ಮ ಹೆರಿಗೆಯಲ್ಲಿ ಎರಡು ದಿನ ಒದ್ದಾಡಿದಾಗ, ಹಿತ್ತಲ ಬಾಗಿಲಿಂದ ಹೋಗಿ "ಅಕ್ಕಾ, ನಿನ್ ದೇವ್ರಿಗೂ ಒಂದ್ ಮಾತು ಹೇಳಕ್ಕಾ" ಅಂದವನು ನಾನೇ. ಮಗು ಉಳಿಯಿತು. ನಾನು ಘಾಟಿ ದೇವಸ್ಥಾನಕ್ಕೆ ಹೋಗಿ ಮುಡಿ ಕೊಟ್ಟು ಬಂದೆ.

ಆಸ್ಪತ್ರೆಯಲ್ಲಿ ಅವಳಿಗೆ ಪ್ರಾರ್ಥನೆ ಕಲಿಸಿದ ಉಪದೇಶಿ ಶುದ್ಧ ಬಾಯಿಬಡುಕ. ಸಂತೆಯಲ್ಲಿ ಪೆಟ್ಟಿಗೆ ಹತ್ತಿ, "ನೇಕಾರರ ಬೀದಿ ಕದಿರಮ್ಮನವರನ್ನೇ ಕೇಳಿ! ಕಲ್ಲುದೇವರನ್ನ ಬಿಟ್ಟು ಬಂದಿದಾರೆ!" ಅಂತ ಕೂಗಿದ. ಇವನನ್ನು ಯಾರು ಕೇಳಿದ್ದರು?

ಮಾರನೆಯ ಬೆಳಿಗ್ಗೆ ಅವಳ ನೂಲಿಗೆ ಗಂಜಿ ಹಾಕುವ ಸರದಿ. ಬೀದಿಯುದ್ದ ನೂಲು ಬಿಗಿದು, ಗಂಜಿ ಬಳಿದು, ಬಿಸಿಲೇರುವುದರೊಳಗೆ ಕುಂಚದಿಂದ ಉಜ್ಜಿ ಎಳೆ ಬಿಡಿಸಬೇಕು. ಹತ್ತು ಕೈ ಸೇರದೆ ಆಗುವ ಕೆಲಸವಲ್ಲ. ಯುದ್ಧ ಬಂದು ನೂಲಿಗೆ ಕಂಟ್ರೋಲು. ಇದು ಅವಳು ಮೂರು ತಿಂಗಳು ಕಾದು ಪಡೆದ ನೂಲು. ಹೋದರೆ ಮಗ್ಗ ನಿಂತ ಹಾಗೆಯೇ.

ಗಂಜಿ ಬಳಿದಾಗಿತ್ತು. ಬೀದಿಯ ಯಜಮಾನ ಪಾಪಯ್ಯ ಬಂದು ಎಲ್ಲರನ್ನೂ ತಡೆದ.

"ಗುಡಿ ಮುಂದೆ ನಿಂತು, ಯೇಸು ಗೀಸು ಏನಿಲ್ಲ ಅಂತ ಕೂಗಿ ಹೇಳಮ್ಮ. ಆಮೇಲೆ ಕೈ ಹಾಕ್ತೀವಿ."

"ಆ ಉಪದೇಶೀನೂ ಕೂಗು ಅಂತಾನೆ, ನೀವೂ ಕೂಗು ಅಂತೀರ. ನಾನ್ ಒಳಗೆ ಕೂತು ಕೈ ಮುಗಿದ್ರೆ ನಿಮಗೇನಾಯ್ತಣ್ಣಾ?"

"ಬೀದೀಲಿ ಇನ್ಯಾರ್ಯಾರಿಗೆ ಹಚ್ಚಿದ್ದೀಯ ಇದನ್ನ? ಹೆಸರು ಹೇಳು."

ಕದಿರಮ್ಮ ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಕುಂಚದ ನಾರು ಕೀಳತೊಡಗಿದೆ.

"ಯಾರಿಗೂ ಇಲ್ಲ" ಅಂದಳು.

ಹೋದ ಜೀವ ಬಂದಂತಾಯಿತು ನನಗೆ. ಕುಂಚ ಕೆಳಗಿಟ್ಟು ಎಲ್ಲರ ಜೊತೆ ನಾನೂ ಮನೆಗೆ ನಡೆದೆ. ಅವಳೊಬ್ಬಳೇ ಆ ತುದಿಯಿಂದ ಈ ತುದಿಗೆ ಓಡಾಡುವುದನ್ನು ಕಿಟಕಿಯಿಂದ ನೋಡಿದೆ. ಹತ್ತು ಗಂಟೆಯ ಹೊತ್ತಿಗೆ ಎಳೆಗೆ ಎಳೆ ಅಂಟಿ, ನೂಲೆಲ್ಲ ಒಣಗಿ ಸೆಟೆದುಕೊಂಡಿತ್ತು.

ಮುಂದಿನ ಸಂತೆಯಲ್ಲಿ ಉಪದೇಶಿ ಅವಳ ನೂಲು ಹಾಳಾದದ್ದನ್ನೂ ನಂಬಿಕೆಯ ಸಾಕ್ಷಿ ಅಂತ ಕೂಗಿದ. ನಮ್ಮ ಬೀದಿಯವರು ಅವನ ಮೇಲೆ ಕಲ್ಲು ತೂರಿದರು. ಮೊದಲ ಕಲ್ಲು ನನ್ನದು.