ರಕ್ತಕ್ಕೆ ಬಾರದ ವಿದ್ಯೆ

ಬೆಳಿಗ್ಗೆ ಹನ್ನೊಂದು ಇಪ್ಪತ್ತು, ಪರದೆಯ ಮೇಲೆ ಸಾಸಿವೆಯಷ್ಟು ಚುಕ್ಕೆಯೊಂದು ಹೊತ್ತಿತು, ಆರಿತು — ಅವಳು ಕಣ್ಣುಜ್ಜಿಕೊಂಡಳು, ಮತ್ತೆ ಹೊತ್ತಿತು, ಬೆಚ್ಚಗಿನ ನೀರಿನಲ್ಲಿ ಅರಿವಳಿಕೆ ಪಡೆದು ಮಲಗಿರುವ ಇಲಿಯ ಮೈಯೊಳಗೆ, ಚರ್ಮದಿಂದ ಏಳು ಮಿಲಿಮೀಟರ್ ಆಳದಲ್ಲಿ, ಗಡ್ಡೆ ಇರಬೇಕಾದ ಜಾಗದಲ್ಲೇ, ಅವಳು ನಾಲ್ಕು ವರ್ಷ ಕಟ್ಟಿ ಗಡ್ಡೆಯೊಳಗೆ ಕೂರಿಸಿದ ಪ್ರೋಟೀನು, ಒಂದು ಬೆಳಕಿಗೆ ಏಳುತ್ತದೆ ಇನ್ನೊಂದಕ್ಕೆ ಮಲಗುತ್ತದೆ, ರಕ್ತಕ್ಕೆ ಆ ವಿದ್ಯೆ ಬಾರದು, ರಕ್ತ ಸದಾ ಒಂದೇ ಸಮನೆ ಕೂಗುತ್ತದೆ — ಅದೇನೇ ಅದು, ಬೆಳಕು ಬಿಟ್ರೆ ಮೈ ಕೂಗುತ್ತೆ ಅಂತೀಯಲ್ಲ, ಅಂದಿದ್ದಳು ಅಮ್ಮ ಫೋನಿನಲ್ಲಿ, ಹೌದಮ್ಮ, ಬೆಳಕು ತಾಗಿದ್ರೆ ಒಂಚೂರು ಬಿಸಿಯಾಗುತ್ತೆ, ಉಬ್ಬುತ್ತೆ, ಸದ್ದು ಮಾಡುತ್ತೆ, ನಮ್ಮ ಕಿವಿಗೆ ಕೇಳಲ್ಲ ಅಷ್ಟೆ, ಯಂತ್ರ ಕೇಳಿಸಿಕೊಂಡು ಚಿತ್ರ ಬರೆಯುತ್ತೆ, ಓ ನಿಮ್ಮಪ್ಪನ ಥರ ಒಳಗೊಳಗೇ ಗೊಣಗುತ್ತೆ ಅನ್ನು — ಎದ್ದಾಗಿನ ಚಿತ್ರದಿಂದ ಮಲಗಿದಾಗಿನದನ್ನು ಕಳೆದರೆ ರಕ್ತ ಮಾಯವಾಗಿ ಪ್ರೋಟೀನು ಉಳಿಯಬೇಕು, ಮೂರು ತಿಂಗಳಿಂದ ಉಳಿದದ್ದು ಬರೀ ಕತ್ತಲೆ, ಪ್ರೋಟೀನಿಗೆ ಹಿಡಿಶಾಪ ಹಾಕಿದ್ದೇ ಹಾಕಿದ್ದು, ಇವತ್ತು ಹನ್ನೆರಡರವರೆಗೆ ಏನೂ ಕಾಣದಿದ್ದರೆ ಯಂತ್ರ ಪಕ್ಕದ ತಂಡಕ್ಕೆ, ಲ್ಯಾಬಿನ ಮುಖ್ಯಸ್ಥೆಯ ಮಾತೆಂದರೆ ಮಾತು — ಪಾಪ, ಪ್ರೋಟೀನಿನದ್ದೇನೂ ತಪ್ಪಿಲ್ಲ, ತಪ್ಪು ಅವಳ ಕೈಯದು, ಹಳೆಯ ಯಂತ್ರದಲ್ಲಿ ಕಲಿತ ಚಾಳಿ, ಚಿತ್ರದಲ್ಲಿನ ಗದ್ದಲ ಇಳಿಯಲಿ ಎಂದು ಹತ್ತು ಹತ್ತು ಚಿತ್ರಗಳ ಸರಾಸರಿ, ಎದ್ದದ್ದನ್ನೂ ಮಲಗಿದ್ದನ್ನೂ ಒಟ್ಟಿಗೆ ಕಲಸಿದ ಮೇಲೆ ಕಳೆಯುವುದಕ್ಕೆ ಏನಿರುತ್ತದೆ, ಮಣ್ಣು — ಎಲ್ಲರೂ ದೊಡ್ಡಪ್ಪ ಎಂದೇ ಕರೆಯುವ ಲೇಸರ್ ಮೆಕ್ಯಾನಿಕ್ಕು ಆಗಷ್ಟೇ ಕೇಳಿದ್ದು, ಅಲ್ಲಮ್ಮಾ, ಹತ್ತು ಜನರ ಮಾತು ಒಟ್ಟಿಗೆ ಕಲಸಿಬಿಟ್ರೆ ಯಾರು ಯಾವಾಗ ಸುಮ್ಮನಾದ್ರು ಅಂತ ಹೇಗೆ ಗೊತ್ತಾಗುತ್ತೆ, ಅವಳು ಪರದೆಯಲ್ಲಿ ಸರಾಸರಿಯ ಮುಂದಿದ್ದ ಟಿಕ್ ಗುರುತು ತೆಗೆದಳು, ಅಷ್ಟೇ, ಒಂದೇ ಒತ್ತು — ತಡಿ, ಕುಣಿಯಬೇಡ, ಮೊದಲು ಪರೀಕ್ಷೆ, ಮಲಗಿಸುವ ಬೆಳಕನ್ನು ನಿಲ್ಲಿಸಿದಳು, ಮಿನುಗು ನಿಂತಿತು, ಬಿಟ್ಟಳು, ಶುರುವಾಯಿತು, ಮತ್ತೆ ನಿಲ್ಲಿಸಿದಳು, ನಿಂತಿತು, ಹೇಳಿದ ಮಾತು ಕೇಳುತ್ತದೆ ಕಣಪ್ಪಾ ನನ್ನ ಕೂಸು, ಮೂಗು ಕಟ್ಟಿತು, ನಗು ಬಂತು, ಎರಡೂ ಒಟ್ಟಿಗೆ, ದೊಡ್ಡಪ್ಪ ಕನ್ನಡಕ ಏರಿಸಿ ಬಗ್ಗಿ ನೋಡುತ್ತಾನೆ, ನಾಚಿಕೆ ಇಲ್ಲದ್ದು, ಕಣ್ಣು ಹೊಡೀತಾ ಇದೆಯಲ್ಲಮ್ಮಾ ನನಗೆ, ಹೊಡೀಲಿ ದೊಡ್ಡಪ್ಪಾ, ಹೊಡೀಲಿ ಬಿಡಿ, ಅಮ್ಮನಿಗೆ ಫೋನು ಮಾಡಬೇಕು, ಮಾಡಿ ಏನೆಂದು ಹೇಳುವುದು, ಗೊಣಗಾಟ ಕೇಳಿಸಿತು ಎಂದೇ, ಆಮೇಲೆ, ಆಮೇಲೆ, ಈಗ ಹೊತ್ತಿತು, ಆರಿತು, ಹೊತ್ತಿತು —

ಹನ್ನೆರಡಕ್ಕೆ ಮುಖ್ಯಸ್ಥೆ ಬಂದರು, ಹತ್ತು ನಿಮಿಷ ನಿಂತೇ ನೋಡಿದರು. ಯಂತ್ರ ಆ ಕೋಣೆಯಲ್ಲೇ ಉಳಿಯಿತು.