ಬಿಳಿ ಬಾವುಟದ ಕಡೆಯ ಕಂಬ

ಕಾಲರಿನ ಒಳಮಗ್ಗುಲಿನಿಂದ ಶುರು ಮಾಡಿ ಆಮೇಲೆ ತೋಳಿಗೆ ಬರುವುದು ಡೆಲಿಯಾಳ ಕ್ರಮ. ಎರಡನೆಯ ಬಿಳಿ ಕೋಟಿನ ಎಡತೋಳಿಗೆ ಇಸ್ತ್ರಿ ಪೆಟ್ಟಿಗೆ ತಾಗಿಸಿದ್ದಳಷ್ಟೆ, ಮುಂಬಾಗಿಲ ಅಂಚೆಕಿಂಡಿ ಟಪ್ಪೆಂದಿತು. ಶನಿವಾರ ಮಧ್ಯಾಹ್ನ ಅಂಚೆಯವನು ಬರುವ ಹೊತ್ತಲ್ಲ. ಹೋಗಿ ನೋಡಿದರೆ ಕಾಲೊರಸಿನ ಮೇಲೆ ಒಂದು ಹಳೆಯ ಕನ್ನಡಕ ಬಿದ್ದಿತ್ತು. ಅದರ ಒಂದು ಕಡ್ಡಿಗೆ ಟೇಪು ಸುತ್ತಿದ್ದರು. ಹೊರಗೆ ಯಾವುದೋ ಕಾರು ಹಾರ್ನ್ ಹೊಡೆಯುತ್ತ ತಿರುವಿನಲ್ಲಿ ಮರೆಯಾಯಿತು.

ಈ ವಾರ ಹೀಗೆ ಬಂದ ಕನ್ನಡಕಗಳಲ್ಲಿ ಇದೇ ಮೊದಲನೆಯದಲ್ಲ. ಮೇಣದಬತ್ತಿಯ ತುಂಡು, ರಬ್ಬರ್ ಬ್ಯಾಂಡುಗಳ ಜೊತೆ ಅದನ್ನೂ ಡ್ರಾಯರಿಗೆ ಹಾಕಿದಳು.

"ಯಾರದು?" ಅಡುಗೆಮನೆಯ ಮೇಜಿನ ಹತ್ತಿರ ಕೂತು ಬೂಟಿಗೆ ಪಾಲಿಷ್ ಹಚ್ಚುತ್ತಿದ್ದ ಗಂಡ ಫಿಂಟನ್ ಕೇಳಿದ.

"ಯಾರೂ ಇಲ್ಲ. ಇನ್ನೊಂದು ಕನ್ನಡಕ."

"ಹಾಕ್ಕೊಂಡು ನೋಡು. ಇದಾದ್ರೂ ನಿನ್ನ ಕಣ್ಣಿಗೆ ಹೊಂದತ್ತೇನೋ."

ತಾನೇ ನಕ್ಕು, ಬೂಟನ್ನು ಬೆಳಕಿಗೆ ಹಿಡಿದು ನೋಡಿದ. ಅವಳು ನಗಲಿಲ್ಲ.

ಫಿಂಟನ್ ಹಳ್ಳಿಗಾಡಿನ ಫುಟ್‌ಬಾಲ್ ಪಂದ್ಯಗಳ ರೆಫರಿ. ರೆಫರಿಯಾದವನು ತನ್ನ ನಾಲ್ವರು ಅಂಪೈರುಗಳನ್ನು ತಾನೇ ಕರೆದುಕೊಂಡು ಹೋಗಬೇಕು. ಒಂದೊಂದು ಗೋಲಿಗೆ ಇಬ್ಬರು, ಒಂದೊಂದು ಕಂಬಕ್ಕೆ ಒಬ್ಬರು. ಅಣ್ಣತಮ್ಮಂದಿರೋ ನೆರೆಹೊರೆಯವರೋ, ಭಾನುವಾರ ಬಿಡುವಿದ್ದು ಬಿಳಿ ಕೋಟು ಹಾಕಿಕೊಳ್ಳಲು ನಾಚದವರು ಯಾರಾದರೂ ಆದೀತು. ಮೊದಮೊದಲು ಡೆಲಿಯಾ ಆ ಕೋಟುಗಳನ್ನು ಒಗೆದುಕೊಡುತ್ತಿದ್ದಳು, ಅಷ್ಟೆ. ಪಕ್ಕದ ಮನೆಯ ಮುದುಕನ ಮಂಡಿ ಕೈಕೊಟ್ಟಾಗ ಅವನ ಕೋಟನ್ನು ಹಾಕಿಕೊಂಡು ನಿಂತವಳು ಹಾಗೇ ಉಳಿದುಬಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಕೆಲಸ ಹಿಡಿಸಿತ್ತು. ಕಂಬಕ್ಕೆ ಬೆನ್ನು ಕೊಟ್ಟು ಕತ್ತೆತ್ತಿ ಆಕಾಶ ನೋಡುವಾಗ ಯಾರೂ ಅವಳನ್ನು ಚಹಾ ಕೇಳುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ತೋರಿಸಿದರೆ ಸಾಕಾಗಿತ್ತು. ಫಿಂಟನ್ ಹಾಕಿಕೊಟ್ಟ ನಿಯಮ ಒಂದೇ: ಕಂಬಗಳ ನಡುವೆ ಆಡಿದ ಮಾತು ಕಂಬಗಳ ನಡುವೆಯೇ ಉಳಿಯಬೇಕು. ಮನೆಯವರ ಹತ್ತಿರವೂ ಬಾಯಿ ಬಿಡುವ ಹಾಗಿಲ್ಲ.

ಹೋದ ಭಾನುವಾರದ್ದು ಕೌಂಟಿಯ ಎರಡನೇ ದರ್ಜೆಯ ಫೈನಲ್. ಗೆದ್ದವರು ಮೇಲಿನ ದರ್ಜೆಗೆ ಏರುತ್ತಾರೆ, ಸೋತವರು ಇದ್ದಲ್ಲೇ ಇರುತ್ತಾರೆ. ಒಂದು ಕಡೆ ಕಿಲ್‌ವರ್ಣ. ಇನ್ನೊಂದು ಕಡೆ ಕ್ಲೂನ್‌ಬ್ರಾಕ್, ಡೆಲಿಯಾಳ ತವರು. ಅವಳ ಅಪ್ಪ ಆಡುತ್ತಿದ್ದ ಕಾಲದಿಂದಲೂ ಕ್ಲೂನ್‌ಬ್ರಾಕ್ ಇದೇ ದರ್ಜೆಯಲ್ಲಿ ಕೊಳೆಯುತ್ತಿತ್ತು. ಅವಳ ತಮ್ಮ ಮ್ಯಾಲಕಿ ಈಗ ಅಲ್ಲಿ ಕ್ಲಬ್ಬಿನ ಅಧ್ಯಕ್ಷ, ಅವನ ಮಗ ತಂಡದಲ್ಲಿದ್ದ. ಅಂಪೈರುಗಳಲ್ಲಿ ಒಬ್ಬಳು ಆ ಊರಿನ ಮಗಳು ಎಂಬುದು ಸಮಿತಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಫಿಂಟನ್‌ಗೆ ಹೊಳೆಯಿತು, ಅದೂ ಕೊನೆಯ ನಿಮಿಷದಲ್ಲಿ.

ಅಂಕಗಳು ಸಮ ಇದ್ದವು. ಕಂಬಗಳ ನಡುವೆ ಎಷ್ಟೇ ಎತ್ತರದಲ್ಲಿ ಹಾದರೂ ಚೆಂಡಿಗೆ ಒಂದು ಅಂಕ. ಕಿಲ್‌ವರ್ಣದ ಹುಡುಗನೊಬ್ಬ ದೂರದಿಂದ ಒದ್ದ ಚೆಂಡು ಕಂಬದ ತುದಿಗಿಂತ ಎಷ್ಟೋ ಎತ್ತರ ಏರಿತು. ಡೆಲಿಯಾ ಕತ್ತೆತ್ತಿ ನಿಂತಿದ್ದಳು. ಚೆಂಡು ಅವಳ ಕಂಬದ ಹೊರಗೆ, ಅವಳ ಬಲಭುಜದ ಆಚೆ ಹಾದು ಹೋಯಿತು. ವೈಡ್. ಅಂಕವಿಲ್ಲ ಎಂದು ತೋರಿಸಲು, ತಲೆಯ ಮೇಲೆ ಅಡ್ಡ ಹಿಡಿಯಲೆಂದು ಎತ್ತಿದ ಕೈಗಳು ಎದೆಯ ಮಟ್ಟಕ್ಕೆ ಬಂದಿದ್ದವು. ಆಚೆಯ ಕಂಬದಿಂದ ಫಿಂಟನ್‌ನ ತಮ್ಮ ಡೆಕ್ಲನ್ "ಒಳಗೆ, ಒಳಗೆ" ಎಂದ. ಅಷ್ಟರಲ್ಲಿ ಫಿಂಟನ್ ಓಡಿ ಬಂದ.

"ವೈಡ್," ಎಂದಳು ಅವಳು.

"ನೀನು ಅವರ ಊರಿನವಳು," ಎಂದ ಫಿಂಟನ್ ತುಟಿ ಅಲ್ಲಾಡಿಸದೆ. "ನೀನು ವೈಡ್ ಅಂದ್ರೆ ನಾಳೆ ನನ್ನ ಹೆಸರು ಉಳಿಯಲ್ಲ. ಬಾವುಟ ಎತ್ತು."

ಅಂಕದ ಬಿಳಿ ಬಾವುಟ ಇರುವುದು ಅವಳ ಕಂಬದ ಬುಡದಲ್ಲಿ. ತೀರ್ಪು ಯಾರದೇ ಇರಲಿ, ಎತ್ತುವ ಕೈ ಆ ಕಡೆ ನಿಂತವರದು. ಅವಳು ಬಗ್ಗಿ ಎತ್ತಿದಳು. ಆ ಒಂದು ಅಂಕಕ್ಕೆ ಕ್ಲೂನ್‌ಬ್ರಾಕ್ ಸೋತಿತು. ಗುರುವಾರದ ಪತ್ರಿಕೆಯಲ್ಲಿ ಬಂದ ಚಿತ್ರವೂ ಅದೇ: ಬಿಳಿ ಕೋಟು, ಬಿಳಿ ಬಾವುಟ, ಹಿಂದೆ ಬೇಲಿಗೆ ಒರಗಿ ತಲೆಯ ಮೇಲೆ ಕೈಯಿಟ್ಟುಕೊಂಡ ಕ್ಲೂನ್‌ಬ್ರಾಕಿನ ಜನ.

ಆಮೇಲೆ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಅವಳ ಹಿಂದೆ ನಿಂತವರಿಗೆ ಮೊದಲು ಬ್ರೆಡ್ಡು ಸಿಗತೊಡಗಿತು. ತಲೆಗೂದಲು ಕತ್ತರಿಸುವವಳು ಇನ್ನು ತಿಂಗಳುಗಟ್ಟಲೆ ಪುರುಸೊತ್ತಿಲ್ಲ ಎಂದಳು, ಖಾಲಿ ಕುರ್ಚಿಯ ಪಕ್ಕದಲ್ಲೇ ನಿಂತು.

ಮೂರನೆಯ ಕೋಟನ್ನು ಹಲಗೆಯ ಮೇಲೆ ಹರಡುತ್ತಿದ್ದಾಗ ಹಿತ್ತಲ ಬಾಗಿಲು ತೆರೆಯಿತು. ಕ್ಲೂನ್‌ಬ್ರಾಕಿನವರು ಮುಂಬಾಗಿಲು ತಟ್ಟಿದವರೇ ಅಲ್ಲ. ಮ್ಯಾಲಕಿ ಒಳಗೆ ಬಂದ, ಟೋಪಿ ತೆಗೆಯಲಿಲ್ಲ. ಕೈಯಲ್ಲಿ ಅವಳ ನೀಲಿ ತಗಡಿನ ಡಬ್ಬಿ. ನಾಳೆ ಅಪ್ಪನ ವರ್ಷದ ಪೂಜೆ. ಇಗರ್ಜಿಯಿಂದ ಬಂದವರಿಗೆ ತಮ್ಮನ ಮನೆಯಲ್ಲಿ ಅವನ ಹೆಂಡತಿ ನೂಲಾ ಚಹಾ ಕೊಡುತ್ತಾಳೆ. ಪ್ರತಿ ವರ್ಷದಂತೆ ಈ ಸಲವೂ ಅವಳು ಮೊದಲೇ ಸೇಬಿನ ಟಾರ್ಟ್ ಬೇಯಿಸಿ ಆ ಡಬ್ಬಿಯಲ್ಲಿ ಕಳಿಸಿದ್ದಳು.

ಡಬ್ಬಿಯನ್ನು ಇಸ್ತ್ರಿ ಹಲಗೆಯ ತುದಿಯಲ್ಲಿ, ಕೋಟಿನ ತೋಳಿನ ಮೇಲೆಯೇ ಇಟ್ಟ.

"ಯಾರೂ ಮುಟ್ಟಿಲ್ಲ. ನಾಯಿಗೆ ಹಾಕೋಣ ಅಂದೆ. ನೂಲಾ ಬೇಡ ಅಂದ್ಲು, ಪಾಪ, ನಾಯಿ ಏನು ತಪ್ಪು ಮಾಡಿದೆ ಅಂತ."

"ಕೂತ್ಕೋ ಮ್ಯಾಲಕಿ," ಎಂದಳು ಡೆಲಿಯಾ. "ಚಹಾ ಇಡ್ತೀನಿ."

"ಈ ಮನೇಲಿ ಚಹಾನಾ? ನೀರು ಕಾದಿದ್ಯೋ ಇಲ್ವೋ ಅನ್ನೋದು ನಿನಗೆ ಕಾಣತ್ತಾ?"

ಫಿಂಟನ್ ಬೂಟಿನ ಲೇಸು ಕಟ್ಟುತ್ತ, "ಜಗಳಕ್ಕೆ ಬಂದಿದ್ರೆ ಹೊರಗೆ ಆಡು," ಎಂದ.

"ನಿನ್ನ ಹತ್ರ ನನಗೇನು ಮಾತು? ನಾನು ಬಂದಿರೋದು ಇವಳ ಹತ್ರ." ಮ್ಯಾಲಕಿಯ ಧ್ವನಿ ತಗ್ಗಿತು, ಅದು ಇನ್ನೂ ಕೆಟ್ಟದಾಗಿತ್ತು. "ನನ್ನ ಮಗ ಒಂದು ವಾರದಿಂದ ಊಟಕ್ಕೆ ಕೆಳಗೆ ಇಳಿದಿಲ್ಲ. ಅಲ್ಲಿ ನಿಂತಿದ್ದೋರು ಯಾರಾದ್ರೂ ಬೇರೆಯವರಾಗಿದ್ರೆ ಕುರುಡ ಅಂತ ಬೈದು ಸುಮ್ಮನಾಗ್ತಿದ್ದೆ. ನೀನು ಕುರುಡಿ ಅಲ್ಲ ಡೆಲಿಯಾ. ಬೆಟ್ಟದ ಮೇಲೆ ಯಾರ ಕುರಿ ಯಾವುದು ಅಂತ ಅಪ್ಪ ನಿನ್ನನ್ನ ಕೇಳ್ತಿದ್ದ, ನನ್ನನ್ನಲ್ಲ. ಒಂದೇ ಒಂದು ಮಾತು ಹೇಳು. ಒಳಗೆ ಹೋಗಿದ್ದನ್ನ ನೀನು ನೋಡಿದ್ಯಾ?"

ಇಸ್ತ್ರಿ ಪೆಟ್ಟಿಗೆ ಕೈಯಲ್ಲೇ ಇತ್ತು. ಹೇಳಿಬಿಟ್ಟರೆ ಸಂಜೆಯೊಳಗೆ ಕೌಂಟಿಯೆಲ್ಲ ಹರಡುತ್ತದೆ. ನಾಳೆ ಸ್ಲೈಗೊದಲ್ಲಿ ಫಿಂಟನ್‌ಗೆ ಪ್ರಾಂತ್ಯದ ಸೆಮಿಫೈನಲ್, ಅವನು ಇಷ್ಟು ಕಾಲ ಕಾದ ಪಂದ್ಯ. ಅದು ಕೈತಪ್ಪುತ್ತದೆ. ಹೇಳದಿದ್ದರೆ ತಮ್ಮ ಆ ಬಾಗಿಲಿನಿಂದ ಹೋದವನು ಮತ್ತೆ ಬರುವುದಿಲ್ಲ. ಅವಳು ಗಂಡನ ಕಡೆ ನೋಡಿದಳು. ಅವನು ಏನಾದರೂ ಹೇಳುತ್ತಾನೆ ಎಂದುಕೊಂಡಳು. ರೆಫರಿ ನಾನು, ತೀರ್ಪು ನನ್ನದು ಎಂದರೆ ಸಾಕಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ.

ಫಿಂಟನ್ ಹೇಳಿದ. "ಚೆಂಡು ಹೋಗಿದ್ದು ಅವಳ ಕಂಬದ ಮೇಲೆ. ನಾನಿದ್ದಿದ್ದು ದೂರದಲ್ಲಿ. ನೋಡಿದೋಳು ಅವಳು, ಎತ್ತಿದೋಳೂ ಅವಳೇ. ಅಂಪೈರ್ ಮಾತಿನ ಮೇಲೆ ರೆಫರಿ ಏನು ಮಾಡಕ್ಕಾಗತ್ತೆ, ಹೇಳು?"

ಸುಟ್ಟ ವಾಸನೆ ಬಂದಾಗ ಇಸ್ತ್ರಿ ಪೆಟ್ಟಿಗೆ ತನ್ನ ಕೈಯಿಂದ ಬಟ್ಟೆಯ ಮೇಲೆ ಇಳಿದಿದ್ದು ಅವಳಿಗೆ ಗೊತ್ತಾಯಿತು. ಎತ್ತಿ ನಿಲ್ಲಿಸಿದಳು. ಕೋಟಿನ ಅಂಚಿನಲ್ಲಿ ತೆಳುವಾದ ಕಂದು ಗೆರೆ ಮೂಡಿತ್ತು.

"ಸರಿ," ಎಂದ ಮ್ಯಾಲಕಿ. "ಇಷ್ಟು ಗೊತ್ತಾಗ್ಬೇಕಿತ್ತು." ಬಾಗಿಲ ಹತ್ತಿರ ನಿಂತು, ತಿರುಗದೆ ಹೇಳಿದ. "ನಾಳೆ ಇಗರ್ಜಿ ಕಡೆ ಬರ್ಬೇಡ. ನಮ್ಮ ಬೆಂಚಲ್ಲಿ ಜಾಗ ಇಲ್ಲ. ಅಪ್ಪನ ಹೆಸರು ಕೂಗುವಾಗ ಜನ ನಿನ್ನ ಮುಖ ನೋಡೋದು ಬೇಡ."

ಅವನ ಟ್ರ್ಯಾಕ್ಟರು ಸದ್ದು ಮಾಡುತ್ತ ಅಂಗಳ ದಾಟಿತು.

"ನಾಲ್ಕು ದಿನ ಬೊಗಳ್ತಾರೆ," ಎಂದ ಫಿಂಟನ್. "ತಪ್ಪು ಯಾರದಾದ್ರೂ ತಲೆ ಮೇಲೆ ಬರ್ಲೇಬೇಕಿತ್ತು. ನಿನ್ನನ್ನ ಯಾರೂ ಪಂದ್ಯದಿಂದ ತೆಗೆಯಲ್ಲ. ನನ್ನನ್ನ ತೆಗೀತಾರೆ." ಪಾಲಿಷ್ ಡಬ್ಬಿ ಮುಚ್ಚಿ ಎದ್ದ. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ನಾಳೆ ಪೂಜೆಗೆ ಹೋಗ್ಬೇಕು ಅಂತ ನೀನು ರಾಗ ಎಳೀತಿದ್ದೆ. ಈಗ ಅದೂ ಇಲ್ಲ. ಹತ್ತಕ್ಕೆ ಹೊರಡೋಣ. ಡೆಕ್ಲನ್ ಕೋಟಿಗೆ ಗುಂಡಿ ಹೊಲಿದ್ಯಾ?"

"ಹೊಲಿದೆ."

"ಸ್ಯಾಂಡ್‌ವಿಚ್‌ಗೆ ಹ್ಯಾಮ್ ಜಾಸ್ತಿ ಇಡು. ಹೋದ ಸಲ ಬರೀ ಬೆಣ್ಣೆ ಇತ್ತು ಅಂತ ಅವನು ಗೊಣಗ್ತಿದ್ದ."

ಬಾವುಟಗಳನ್ನು ಕಾರಿಗೆ ಹಾಕಲು ಅವನು ಹೊರಗೆ ಹೋದ. ಅವನು ಸಿಳ್ಳೆ ಹಾಕುವುದು ಕೇಳಿಸುತ್ತಿತ್ತು.

ಡೆಲಿಯಾ ಡಬ್ಬಿಯ ಮುಚ್ಚಳ ತೆಗೆದಳು. ಟಾರ್ಟಿನ ಅಂಚಿಗೆ ಅವಳು ಫೋರ್ಕಿನಿಂದ ಒತ್ತಿದ್ದ ಗೆರೆಗಳು ಹಾಗೇ ಇದ್ದವು. ಒಂದು ತುಂಡು ಕತ್ತರಿಸಿ, ನಿಂತುಕೊಂಡೇ ತಿಂದಳು. ಸೇಬು ಚೆನ್ನಾಗಿ ಬೆಂದಿತ್ತು. ಇನ್ನೊಂದು ತುಂಡನ್ನೂ ತಿಂದು ಕೈ ಒರೆಸಿಕೊಂಡಳು.

ಡೆಕ್ಲನ್‌ನ ಕೋಟು, ಆಚೆ ಗೋಲಿನ ಇಬ್ಬರ ಕೋಟುಗಳು, ಮೂರನ್ನೂ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಸುಟ್ಟ ಗೆರೆ ಇದ್ದದ್ದು ಡೆಕ್ಲನ್‌ನದರಲ್ಲಿ. ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಆಮೇಲೆ ಮಹಡಿ ಹತ್ತಿ, ಬೀರುವಿನ ಒಳಮೂಲೆಯಿಂದ ಕರಿಯ ಉಣ್ಣೆಯ ಕೋಟು ತಂದಳು. ಅಪ್ಪನ ಮಣ್ಣಿನ ದಿನ ಹಾಕಿಕೊಂಡದ್ದು. ಭುಜದ ಮೇಲೆ ಧೂಳು ಕೂತಿತ್ತು, ಬೆನ್ನಿನಲ್ಲಿ ಹ್ಯಾಂಗರಿನ ಮಡಿಕೆ. ಬ್ರಷ್ಷಿನಿಂದ ಧೂಳು ತೆಗೆದು ಹಲಗೆಯ ಮೇಲೆ ಹರಡಿದಳು. ಕರಿಯ ಉಣ್ಣೆಗೆ ನೇರವಾಗಿ ಇಸ್ತ್ರಿ ಹಾಕಿದರೆ ಮಿಣಮಿಣ ಹೊಳೆಯುತ್ತದೆ, ನಡುವೆ ಒದ್ದೆ ಬಟ್ಟೆ ಬೇಕು. ಸುತ್ತ ನೋಡಿದಳು. ಪಾತ್ರೆ ಒರೆಸುವ ಬಟ್ಟೆ ಒಲೆಯ ಕಂಬಿಯ ಮೇಲಿತ್ತು. ನಾಲ್ಕನೆಯ ಬಿಳಿ ಕೋಟು, ಅವಳದು, ಕುರ್ಚಿಯ ಬೆನ್ನಿನ ಮೇಲಿತ್ತು.

ಅದನ್ನು ನಲ್ಲಿಯ ಕೆಳಗೆ ಹಿಡಿದಳು. ಕಾಲರು, ತೋಳು, ಜೇಬು, ಎಲ್ಲ ನೆನೆಯುವವರೆಗೂ ಹಿಡಿದು, ಹಿಂಡಿ, ಕರಿಯ ಕೋಟಿನ ಮೇಲೆ ಹಾಸಿದಳು.

"ಎಲ್ಲ ಆಯ್ತಾ?" ಅಂಗಳದಿಂದ ಫಿಂಟನ್ ಕೂಗಿದ.

"ಆಗ್ತಾ ಇದೆ," ಎಂದಳು.

ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಒತ್ತಿದಳು. ಒದ್ದೆ ಬಿಳಿಯ ಅಡಿಯಿಂದ ಹಬೆ ಬುಸ್ಸೆಂದು ಎದ್ದು, ಕಿಟಕಿಯ ಗಾಜನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಮುಚ್ಚುತ್ತ ಹೋಯಿತು.